ಬಣ್ಣ ಬದಲಾದ ನಾಣ್ಯ: ಟಂಕಸಾಲೆಯ ತಪ್ಪಾ, ಹುಣಸೆಹಣ್ಣಿನ ಕೆಲಸವಾ?

ಮಂಡ್ಯದಲ್ಲಿ ನಮ್ಮ ಸೋದರಮಾವನದ್ದು ದಿನಸಿ ಅಂಗಡಿ. ಹೋದ ಶ್ರಾವಣದಲ್ಲಿ ಒಂದು ರಾತ್ರಿ ಫೋನ್ ಮಾಡಿದರು. "ತಾಮ್ರದ್ ಐದ್ ರೂಪಾಯಿ ಸಿಕ್ಕದೆ ಕಣ್ಲಾ. ಬ್ಯಾಗ ಬಾ, ಯಾರ್ಗೂ ಏಳ್ಬ್ಯಾಡ." ಭಾನುವಾರ ಮೈಸೂರಿಂದ ರೈಲು ಹತ್ತಿ ಹೋದೆ. ಮಾವ ಗಲ್ಲಾಪೆಟ್ಟಿಗೆ ಹಿಂದಿನ ಗೂಡಿನಿಂದ ಒಂದು ಕಾಗದದ ಪೊಟ್ಟಣ ತೆಗೆದು, ಮಡಿಕೆ ಬಿಚ್ಚಿ, ನಾಣ್ಯವನ್ನು ನನ್ನ ಅಂಗೈಗೆ ಹಾಕಿದರು. ನಿಜಕ್ಕೂ ತಾಮ್ರದ ಬಣ್ಣವೇ. ಆಗಷ್ಟೇ ಬೆಳಗಿದ ಚೆಂಬಿನ ಹಾಗೆ ಗುಲಾಬಿ ಛಾಯೆ. ಅಕ್ಷರಗಳ ಸಂದಿಯಲ್ಲಿ ಮಾತ್ರ ಹಳೇ ಹಳದಿ ಸ್ವಲ್ಪ ಉಳಿದಿತ್ತು. ಜೇಬಿನ ತಕ್ಕಡಿಯಲ್ಲಿ ಇಟ್ಟೆ, 5.98 ಗ್ರಾಂ. ಅಷ್ಟರಲ್ಲಿ ಕಾಫಿ ತಂದ ಅತ್ತೆ ಇಣುಕಿ ನೋಡಿ, "ಇದು ಕಳಸದೊಳಗೆ ಹಾಕಿದ್ದ ಐದು ರೂಪಾಯಿ ಅಲ್ವಾ? ಹಿತ್ತಾಳೆ ಸಾಮಾನಿನ ಜೊತೇಲೇ ಹುಣಸೆಹಣ್ಣಲ್ಲಿ ನೆನೆಹಾಕಿದ್ದೆ" ಅಂದರು. ಮಾವನ ಮುಖ ನೋಡಬೇಕಿತ್ತು.

ಆಗಿದ್ದು ಇಷ್ಟೇ. ಹಳದಿ ಐದು ರೂಪಾಯಿ ನಿಕ್ಕಲ್ ಹಿತ್ತಾಳೆಯದು. ಅಂದರೆ ಅದರಲ್ಲಿ ಹೆಚ್ಚಿನ ಪಾಲು ತಾಮ್ರ, ಜೊತೆಗೆ ಸತು, ಸ್ವಲ್ಪ ನಿಕ್ಕಲ್. ಹುಳಿಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಮೇಲ್ಮೈಯಿಂದ ಸತು ಕರಗಿ ಹೋಗಿ ತಾಮ್ರ ಎದ್ದು ಕಾಣುತ್ತದೆ. ಮನೆಯ ಹಿತ್ತಾಳೆ ದೀಪ ಹುಣಸೆಹಣ್ಣಿನಲ್ಲೇ ಮರೆತುಹೋದರೆ ಕೆಂಪಗಾಗುವುದನ್ನು ನೀವೂ ನೋಡಿರುತ್ತೀರಿ.

ನನಗೆ ಇಂಥ ಫೋನುಗಳು ಆಗಾಗ ಬರುತ್ತಲೇ ಇರುತ್ತವೆ, ಚಿಕ್ಕಂದಿನಿಂದ ನಾಣ್ಯ ಕೂಡಿಡುವ ಹುಚ್ಚು ಅಂಟಿಸಿಕೊಂಡಿದ್ದಕ್ಕೆ ಸಿಕ್ಕ ಶಿಕ್ಷೆ ಅದು. ಅದಕ್ಕೇ ಒಂದು ಕಡೆ ಎಲ್ಲಾ ಬರೆದಿಡೋಣ ಅನ್ನಿಸಿತು. ವಿಚಿತ್ರ ಬಣ್ಣದ ನಾಣ್ಯ ಕೈಗೆ ಬಂದರೆ ಅದು ನಾಲ್ಕರಲ್ಲಿ ಒಂದಾಗಿರುತ್ತದೆ: ಬೇರೆ ಲೋಹದಲ್ಲಿ ಸರ್ಕಾರವೇ ಮಾಡಿದ ಸರಿಯಾದ ನಾಣ್ಯ, ವಯಸ್ಸಾಗಿ ಬಣ್ಣ ತಿರುಗಿದ್ದು, ಯಾರೋ ಬಣ್ಣ ಕೊಟ್ಟಿದ್ದು, ಇಲ್ಲವೇ ಟಂಕಸಾಲೆಯಲ್ಲೇ ಎಡವಟ್ಟಾಗಿದ್ದು. ನನ್ನ ಅನುಭವದಲ್ಲಿ ಮೊದಲ ಮೂರರಲ್ಲೇ ಕಥೆ ಮುಗಿಯುತ್ತದೆ. ನಾಲ್ಕನೆಯದಕ್ಕೆ ಬಣ್ಣ ಸಾಕ್ಷಿಯೇ ಅಲ್ಲ ಅಂತ ಹೇಳಿದರೂ ತಪ್ಪಿಲ್ಲ. ಅಲ್ಲಿ ಮಾತಾಡುವುದು ತೂಕ, ಅಂಚು, ಆಕಾರ.

ಬೇರೆ ಬಣ್ಣ, ಆದರೆ ಸರಿಯಾದ ನಾಣ್ಯ

ಐದು ರೂಪಾಯಿಯನ್ನೇ ತಗೊಳ್ಳಿ. 1990ರ ದಶಕದ್ದು ಬಿಳಿ, ದಪ್ಪ, 9 ಗ್ರಾಂ, ತಾಮ್ರ ಮತ್ತು ನಿಕ್ಕಲ್ ಬೆರೆಸಿದ್ದು. 2007, 2008ರ ಇಸವಿಯವು ಸ್ಟೀಲಿನವು, 6 ಗ್ರಾಂ. 2009ರಿಂದ ಬಂದವು ಹಳದಿ, ಅವೂ 6 ಗ್ರಾಂ. 2019ರ ಮಾದರಿ ಮತ್ತೆ ಹಳದಿಯೇ, ಆದರೆ ಅಗಲ 25 ಮಿಲಿಮೀಟರು, ತೂಕ 6.74 ಗ್ರಾಂ. ಈಗ ಯೋಚಿಸಿ, ಹಳದಿ ಐದು ರೂಪಾಯಿ ನೋಡಿ ಬೆಳೆದ ಕಾಲೇಜು ಹುಡುಗನ ಕೈಗೆ 2008ರ ಬೆಳ್ಳಗಿನ ಐದು ರೂಪಾಯಿ ಸಿಕ್ಕರೆ ಅವನು ಏನು ಅಂದುಕೊಳ್ಳಬೇಕು? "ಹಳದಿ ಬಿಲ್ಲೆ ಬದಲು ಸ್ಟೀಲ್ ಬಿಲ್ಲೆ ಹಾಕಿಬಿಟ್ಟಿದ್ದಾರೆ" ಅಂತಲೇ. ಎರಡೂ 23 ಮಿಲಿಮೀಟರು, ಎರಡೂ 6 ಗ್ರಾಂ, ಹಾಗಾಗಿ ತಕ್ಕಡಿ ಇಲ್ಲಿ ಏನೂ ಹೇಳುವುದಿಲ್ಲ. ಇಸವಿ ನೋಡಿದರೆ ಉತ್ತರ ಅಲ್ಲೇ ಇದೆ.

ನಯಾ ಪೈಸೆಯದ್ದು ಇನ್ನೂ ತಮಾಷೆ. 1957ರಲ್ಲಿ ಶುರುವಾದಾಗ ಒಂದು ನಯಾ ಪೈಸೆ ಕಂಚಿನದು, ಕಂದು ಬಣ್ಣ. 1962ರಲ್ಲಿ ಲೋಹ ಬದಲಾಗಿ ನಿಕ್ಕಲ್ ಹಿತ್ತಾಳೆ ಬಂತು, ಹಾಗಾಗಿ ಅದೇ 1962 ಅಂತ ಇರುವ ಪೈಸೆ ಕಂದು ಬಣ್ಣದಲ್ಲೂ ಸಿಗುತ್ತದೆ, ಹಳದಿಯಲ್ಲೂ ಸಿಗುತ್ತದೆ. ಎರಡೂ ಸರಿ. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಗುವ ಆರನೇ ಜಾರ್ಜ್ ಕಾಲದ ಅಣೆಗಳೂ ಹೀಗೇ. ಎರಡನೇ ಮಹಾಯುದ್ಧದ ವೇಳೆ, 1942ರಿಂದ 1945ರವರೆಗೆ, ಒಂದಾಣೆ ಎರಡಾಣೆ ಹಳದಿ ಲೋಹದಲ್ಲಿ ಬಂದವು. ಯುದ್ಧ ಮುಗಿದ ಮೇಲೆ ಮತ್ತೆ ಬಿಳಿ. ಹಳದಿಯದು ಚಿನ್ನ ಬೆರೆಸಿದ್ದು ಅನ್ನುವ ಮಾತು ನಮ್ಮ ಊರ ಕಡೆ ಇನ್ನೂ ಓಡಾಡುತ್ತಿದೆ, ನಂಬಬೇಡಿ. ಕಮಲದ ಚಿತ್ರದ ಹಳದಿ ಇಪ್ಪತ್ತು ಪೈಸೆಯ ಕಥೆಯೂ ಇದೇ. ಅದು 1968ರಿಂದ 1971ರವರೆಗೆ ಬಂದ ಹಿತ್ತಾಳೆ ನಾಣ್ಯ, ಒರೆಗಲ್ಲಿಗೆ ಉಜ್ಜಿ ಸುಮ್ನೆ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ.

ಇನ್ನೊಂದು ಗೊಂದಲ ಈಚಿನದು. ಹತ್ತು ರೂಪಾಯಿಗೆ ಹೊರಗಿನ ಬಳೆ ಹಳದಿ, ನಡುವೆ ಬಿಳಿ. ಇಪ್ಪತ್ತು ರೂಪಾಯಿಗೆ ತಿರುಗುಮುರುಗು, ಹೊರಗೆ ಬಿಳಿ, ನಡುವೆ ಹಳದಿ. ಎರಡೂ 27 ಮಿಲಿಮೀಟರು. ಸಂತೆ ಗಡಿಬಿಡಿಯಲ್ಲಿ ಇಪ್ಪತ್ತನ್ನು "ಉಲ್ಟಾ ಬಣ್ಣದ ಹತ್ತು" ಅಂತ ಎತ್ತಿಟ್ಟುಕೊಂಡವರಿದ್ದಾರೆ. ಇಪ್ಪತ್ತಕ್ಕೆ 12 ಮೂಲೆ ಇದೆ, ಬೆರಳಲ್ಲಿ ಸವರಿದರೆ ಸಾಕು. ಇನ್ನು ಹತ್ತು ರೂಪಾಯಿಯಲ್ಲಿ ಗೆರೆ ಹತ್ತಿದೆಯೋ ಹದಿನೈದಿದೆಯೋ ಎಂದು ಎಣಿಸಿ ಖೋಟಾ ಅಂತ ವಾಪಸ್ ಕೊಡುವ ಅಂಗಡಿಗಳು ನಮ್ಮಲ್ಲಿ ಈಗಲೂ ಸಿಗುತ್ತವೆ, ಅಲ್ವಾ? ಹತ್ತು ರೂಪಾಯಿ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಚಲಾವಣೆಗೆ ಯೋಗ್ಯ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿಯಾಗಿದೆ.

ಯಾವ ಸಾಧನಕ್ಕೆ ದುಡ್ಡು ಹಾಕಬೇಕು

ಅಯಸ್ಕಾಂತಕ್ಕೆ ದುಡ್ಡೇ ಬೇಡ, ಕೆಟ್ಟ ಸ್ಪೀಕರಿನದು ಸಾಕು. ಸ್ಟೀಲ್ ನಾಣ್ಯವನ್ನು ಹಿಡಿಯುತ್ತದೆ, ಹಿತ್ತಾಳೆ ಮತ್ತು ತಾಮ್ರ-ನಿಕ್ಕಲ್ ನಾಣ್ಯಗಳನ್ನು ಬಿಡುತ್ತದೆ. ಚಿನ್ನದ ಬಣ್ಣದ ಒಂದು ರೂಪಾಯಿ ಅಯಸ್ಕಾಂತಕ್ಕೆ ಟಪ್ ಅಂತ ಅಂಟಿಕೊಂಡರೆ ಅದು ಗಿಲೀಟು ಹಾಕಿದ ಸ್ಟೀಲ್ ರೂಪಾಯಿ. ಅಲ್ಲಿಗೆ ಮುಗಿಯಿತು. ಆದರೆ ಹಳದಿ ಐದು ರೂಪಾಯಿಗೆ ಬೆಳ್ಳಿ ಬಣ್ಣ ಹಾಕಿಸಿದ್ದನ್ನೂ ತೊಂಬತ್ತರ ದಶಕದ ಬಿಳಿ ಐದು ರೂಪಾಯಿಯನ್ನೂ ಅದು ಬೇರೆ ಮಾಡಲಾರದು, ಎರಡನ್ನೂ ಬಿಟ್ಟುಬಿಡುತ್ತದೆ. ಅಲ್ಲಿ ತಕ್ಕಡಿಯೇ ಬೇಕು: ಒಂದು 6 ಗ್ರಾಂ, ಇನ್ನೊಂದು 9.

ಭೂತಗನ್ನಡಿ ಅಗ್ಗ, ಜೊತೆಗೆ ಸುಳ್ಳು ಬೇಗ ಹಿಡಿಯುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವುದು ಸಾಕು, ಅದಕ್ಕಿಂತ ಜಾಸ್ತಿ ತಗೊಂಡರೆ ಕಣ್ಣು ನೋವು ಅಷ್ಟೇ.

ನನ್ನ ಮತ ಮಾತ್ರ ತಕ್ಕಡಿಗೇ. ಗ್ರಾಮಿನ ನೂರನೇ ಒಂದು ಪಾಲು ತೋರಿಸುವ, ಜೇಬಿಗೆ ಹಿಡಿಯುವ ಡಿಜಿಟಲ್ ತಕ್ಕಡಿ. ನಾನು ನಾಲ್ಕು ನೂರು ಚಿಲ್ಲರೆ ಕೊಟ್ಟಿದ್ದೆ, ಆರು ವರ್ಷದಿಂದ ನಡೀತಾ ಇದೆ. ಆದರೆ ತೂಗುವ ಮುಂಚೆ ಯಾವ ಮಾದರಿ ಅಂತ ಗೊತ್ತಿರಬೇಕು, ಇಲ್ಲದಿದ್ದರೆ 6.74 ಗ್ರಾಮಿನ ಹೊಸ ಐದನ್ನು 6 ಗ್ರಾಮಿನ ಹಳೆಯದಕ್ಕೆ ಹೋಲಿಸಿ ಕುಣಿದಾಡುತ್ತೀರಿ. ಇನ್ನೊಂದು ಕುತಂತ್ರವೂ ಇದೆ: 1992ರಿಂದ ಬಂದ ಸ್ಟೀಲಿನ ಒಂದು ರೂಪಾಯಿ 25 ಮಿಲಿಮೀಟರು, 4.85 ಗ್ರಾಂ. 2011ರ ಎರಡು ರೂಪಾಯಿಯೂ 25 ಮಿಲಿಮೀಟರು, 4.85 ಗ್ರಾಂ. ಮಾವ ಕತ್ತಲಲ್ಲಿ ಚಿಲ್ಲರೆ ಕೊಡುವಾಗ ಬೈದುಕೊಳ್ಳುವುದು ಇದಕ್ಕೇ.

ತಾನಾಗಿ ತಿರುಗಿದ ಬಣ್ಣ, ಕೊಟ್ಟ ಬಣ್ಣ

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ. ವಯಸ್ಸಿಗೆ ತಿರುಗಿದ ಬಣ್ಣ ಒಂದೇ ಸಮ ಇರುವುದಿಲ್ಲ. ಎತ್ತರದ ಭಾಗ ಸವೆದು ತೆಳ್ಳಗೆ, ಸಂದಿಯಲ್ಲಿ ದಟ್ಟವಾಗಿ ಕಾಣುತ್ತದೆ. ಬೆಳ್ಳಿ ಗಂಧಕದ ಗಾಳಿಗೆ ಮೊದಲು ಹಳದಿ ಕಂದು, ಆಮೇಲೆ ನೀಲಿ, ಕೊನೆಗೆ ಕಪ್ಪು. ತಾಮ್ರಕ್ಕೆ ಕಿಲುಬು ಹಿಡಿದರೆ ಹಸಿರು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ಸಂಗಮದಲ್ಲಿ ಜನ ನದಿಗೆ ಎಸೆದ ಕಾಸು ವರ್ಷಗಟ್ಟಲೆ ಕೆಸರಲ್ಲಿ ಕೂತು ಕಪ್ಪಗೆ, ಮಸಿ ಬಳಿದ ಹಾಗೆ ಮೇಲೆ ಬರುತ್ತದೆ. ಹಳದಿ ಐದು ರೂಪಾಯಿ ಹಾಗೆ ಕಪ್ಪಾದಾಗ ಗುರುತೇ ಸಿಗುವುದಿಲ್ಲ. "ಕಪ್ಪು ಐದು ರೂಪಾಯಿ" ಅಂತ ನನಗೆ ಇಬ್ಬರು ಫೋಟೋ ಕಳಿಸಿದ್ದರು, ಎರಡೂ ನೀರಿನಿಂದ ತೆಗೆದದ್ದು.

ಬೆಂಕಿ ಬಣ್ಣ ಬೇರೆ. ಹೋಮಕುಂಡದ ಪೂರ್ಣಾಹುತಿಗೆ ಬಿದ್ದ ಸ್ಟೀಲ್ ರೂಪಾಯಿ ಬೂದಿಯಿಂದ ಎತ್ತಿದಾಗ ಚಿನ್ನದ ಹಳದಿ, ನೇರಳೆ, ನೀಲಿ ಎಲ್ಲಾ ಇರುತ್ತದೆ, ನೋಡಲು ಬಲು ಚೆನ್ನ. ಬಿಸಿಗೆ ಸ್ಟೀಲಿನ ಮೇಲೆ ಏಳುವ ತೆಳುವಾದ ಪದರ ಅದು, ಬೈಕಿನ ಸೈಲೆನ್ಸರ್ ಕೊಳವೆ ನೀಲಿಯಾಗುತ್ತದಲ್ಲ, ಅದೇ.

ಗಿಲೀಟು ಹಾಕಿದ್ದು ಇದಕ್ಕೆ ಪೂರ್ತಿ ವಿರುದ್ಧ. ಒಂದೇ ಸಮ ಹೊಳಪು, ಸಂದಿಯಲ್ಲೂ ಅಷ್ಟೇ, ಎತ್ತರದಲ್ಲೂ ಅಷ್ಟೇ. ಭೂತಗನ್ನಡಿಯಲ್ಲಿ ಅಂಚನ್ನು ನೋಡಿ. ನಾಣ್ಯ ಸವೆದಿದೆ, ಗೀರು ಬಿದ್ದಿದೆ, ಆದರೆ ಗೀರಿನ ಒಳಗೂ ಹೊಸ ಬಣ್ಣ ಇದೆ ಅಂದರೆ ಗೀರು ಮೊದಲು, ಬಣ್ಣ ಆಮೇಲೆ. ಈ ಒಂದು ನೋಟ ಎಷ್ಟೋ ಜಗಳ ನಿಲ್ಲಿಸಿದೆ. ಪಾದರಸ ಉಜ್ಜಿ ತಾಮ್ರದ ಕಾಸನ್ನು ಬೆಳ್ಳಿ ಮಾಡುವ ಹಳೇ ಆಟವೊಂದಿದೆ, ನಮ್ಮ ಶಾಲೆಯಲ್ಲಿ ಹುಡುಗರು ಒಡೆದ ಥರ್ಮಾಮೀಟರಿನಿಂದ ಮಾಡುತ್ತಿದ್ದರು. ಅದು ವಿಷ, ಹಾಗೆ ಕಾಣುವ ನಾಣ್ಯವನ್ನು ಕೈಯಲ್ಲಿ ತಿಕ್ಕಿ ನೋಡಲು ಹೋಗಬೇಡಿ.

ಟಂಕಸಾಲೆಯಲ್ಲೂ ಬಣ್ಣ ಕೆಡುವುದುಂಟು. ಅಚ್ಚೊತ್ತುವ ಮುಂಚೆ ಖಾಲಿ ಬಿಲ್ಲೆಗಳನ್ನು ಮೆತ್ತಗಾಗಲಿ ಅಂತ ಕುಲುಮೆಯಲ್ಲಿ ಕಾಯಿಸುತ್ತಾರೆ, ಅಲ್ಲಿ ಹದ ತಪ್ಪಿದರೆ ಬಿಲ್ಲೆ ಕಪ್ಪಾಗಿಯೋ ಕೆಂಪಾಗಿಯೋ ಬರುತ್ತದೆ. ಆದರೆ ಅದೇ ಬಣ್ಣವನ್ನು ಅತ್ತೆಯ ಹುಣಸೆಹಣ್ಣೂ ಕೊಡುತ್ತದೆ ನೋಡಿ. ಬರೀ ಬಣ್ಣ ತೋರಿಸಿ, ತೂಕ ಸರಿ ಇದ್ದು, ಇದು ಎಡವಟ್ಟು ನಾಣ್ಯ ಅಂತ ಯಾರಾದರೂ ದುಡ್ಡು ಕೇಳಿದರೆ ನಾನಂತೂ ಕೊಡುವುದಿಲ್ಲ.

ನಿಜವಾದ ಎಡವಟ್ಟು, ವೈಸ್‌ನಲ್ಲಿ ಹುಟ್ಟಿದ ಎಡವಟ್ಟು

ಇಲ್ಲಿ ನಿಧಾನವಾಗಿ ಹೋಗೋಣ. ನಾಣ್ಯ ಹುಟ್ಟುವ ಬಗೆ ಗೊತ್ತಿದ್ದರೆ ಸುಳ್ಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಲೋಹದ ಹಾಳೆಯಿಂದ ದುಂಡಗೆ ಬಿಲ್ಲೆ ಕತ್ತರಿಸುತ್ತಾರೆ, ಅಂಚನ್ನು ಒತ್ತಿ ಸ್ವಲ್ಪ ಎತ್ತರಿಸುತ್ತಾರೆ, ಆಮೇಲೆ ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಇಟ್ಟು ಒಂದೇ ಏಟು. ಎಡವಟ್ಟು ಈ ಮೂರು ಹಂತಗಳಲ್ಲಿ ಎಲ್ಲೋ ಒಂದು ಕಡೆ ಆಗಿರಬೇಕು.

ಅಂಚು ಕಚ್ಚಿದ ಹಾಗಿರುವ ನಾಣ್ಯ ನೋಡಿ. ಹಾಳೆ ಸರಿಯಾಗಿ ಮುಂದೆ ಸರಿಯದೆ, ಮೊದಲೇ ಕತ್ತರಿಸಿದ ತೂತಿನ ಮೇಲೆ ಮತ್ತೆ ಕತ್ತರಿ ಬಿದ್ದರೆ ಅರ್ಧಚಂದ್ರದ ಹಾಗೆ ಒಂದು ತುಂಡು ಇರುವುದಿಲ್ಲ. ಅದು ನಿಜವಾದರೆ ತುಂಡು ಹೋದ ಜಾಗಕ್ಕೆ ನೇರ ಎದುರಿನ ಅಂಚು ಮಸುಕಾಗಿರುತ್ತದೆ, ಯಾಕೆಂದರೆ ಅಂಚು ಎತ್ತರಿಸುವಾಗ ಈ ಕಡೆ ಒತ್ತಲು ಲೋಹ ಇಲ್ಲದೆ ಆ ಕಡೆಯೂ ಒತ್ತಡ ಬಿದ್ದಿರುವುದಿಲ್ಲ. ಅರದಿಂದ ಉಜ್ಜಿ ಮಾಡಿದ್ದರಲ್ಲಿ ಎದುರಿನ ಅಂಚು ಗಟ್ಟಿಮುಟ್ಟಾಗಿ ಕೂತಿರುತ್ತದೆ.

ಹತ್ತು ರೂಪಾಯಿಯ ನಡುವಿನ ಬಿಲ್ಲೆ ತಿರುಗಿಕೊಂಡಿರುವುದನ್ನು ನನಗೆ ಒಬ್ಬರು ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ತೋರಿಸಿ ಎರಡು ಸಾವಿರ ಕೇಳಿದ್ದರು. ಸಿಂಹಗಳು ಒಂದು ಕಡೆ ವಾಲಿದ್ದವು, ಸುತ್ತಲಿನ ಬಳೆಯ ಮೇಲಿನ 'ಭಾರತ್' ಮತ್ತು 'ಇಂಡಿಯಾ' ನೆಟ್ಟಗಿದ್ದವು. ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಬಳೆಯನ್ನೂ ನಡುವಿನ ಬಿಲ್ಲೆಯನ್ನೂ ಒಂದಕ್ಕೊಂದು ಕಚ್ಚಿಸುವುದು ಅದೇ ಅಚ್ಚಿನ ಏಟು. ಅಚ್ಚು ಒಂದೇ, ಏಟು ಒಂದೇ ಆದಮೇಲೆ ಸಿಂಹ ಒಂದು ದಿಕ್ಕು, ಅಕ್ಷರ ಇನ್ನೊಂದು ದಿಕ್ಕು ಆಗುವುದು ಹೇಗೆ? ಸುತ್ತಿಗೆಯಲ್ಲಿ ನಡುವನ್ನು ಹೊರತಳ್ಳಿ ಮತ್ತೆ ಕೂರಿಸಿದ್ದು ಅದು. ಕೂಡುವ ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ಕೆತ್ತು ಇತ್ತು. "ನಂಗೂ ಯಾರೋ ಕೊಟ್ಟಿದ್ದು ಸಾರ್" ಅಂದರು ಅವರು. ಇರಬಹುದು. ಬಿಲ್ಲೆ ಪಕ್ಕಕ್ಕೆ ಜರುಗಿ, ಚಿತ್ರ ಮಾತ್ರ ಎರಡು ಲೋಹದ ಮೇಲೂ ಮುರಿಯದೆ ಹರಿದಿದ್ದರೆ ಆಗ ಕೂತು ಮಾತಾಡೋಣ.

ನಮ್ಮ ಸಂಗ್ರಹಕಾರರು 'ಲಕ್ಕಿ' ಅಂತ ಕರೆಯುವ ನಾಣ್ಯ ಒಂದಿದೆ, ಉತ್ತರದವರು 'ಲಖಿ' ಅನ್ನುತ್ತಾರೆ. ಮೊದಲು ಅಚ್ಚಾದ ನಾಣ್ಯ ಹೊರಬೀಳದೆ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆಯ ಮೇಲೆ ತಾನೇ ಅಚ್ಚಿನ ಹಾಗೆ ಬೀಳುತ್ತದೆ. ಹಾಗಾಗಿ ಒಂದು ಕಡೆ ಸರಿಯಾದ ಉಬ್ಬು ಚಿತ್ರ, ಇನ್ನೊಂದು ಕಡೆ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ, ಒಳಕ್ಕೆ ತಗ್ಗಾಗಿ. ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆ ಅಂತ ನಂಬಿಕೆ ಇರುವುದರಿಂದ ಬೇಡಿಕೆ ಯಾವತ್ತೂ ಇದೆ, ಬೇಡಿಕೆ ಇದ್ದಲ್ಲಿ ವೈಸ್, ಅಂದರೆ ಲೋಹವನ್ನು ಬಿಗಿಯಾಗಿ ಅದುಮಿ ಹಿಡಿಯುವ ಇಕ್ಕಳದಂಥ ಸಾಧನ, ಇಟ್ಟುಕೊಂಡವರೂ ಇರುತ್ತಾರೆ. ಎರಡು ನಾಣ್ಯಗಳನ್ನು ವೈಸಿನಲ್ಲಿ ಅದುಮಿ ಮಾಡಿದ್ದರಲ್ಲಿ ತಗ್ಗಿನ ಚಿತ್ರದ ಕೆಳಗೆ ನಾಣ್ಯದ ಸ್ವಂತ ಚಿತ್ರ ಚಪ್ಪಟೆಯಾಗಿ ಇನ್ನೂ ಕಾಣುತ್ತದೆ, ಹಿಂಬದಿಯೂ ಜಜ್ಜಿಹೋಗಿರುತ್ತದೆ. ಎರಡೂ ಕಡೆ ಸಿಂಹವೇ ಉಬ್ಬಿ ನಿಂತಿದ್ದರೆ ಮೊದಲು ಅಂಚಿನ ಒಳಗಡೆ ಕೂಡಿಸಿದ ಗೆರೆ ಹುಡುಕಿ, ಆಮೇಲೆ ಕಲ್ಲಿನ ಮೇಲೆ ಬೀಳಿಸಿ ಶಬ್ದ ಕೇಳಿ. ಎರಡು ನಾಣ್ಯ ಕೊರೆದು ಕೂಡಿಸಿದ್ದು ಠಣ್ ಅನ್ನುವುದಿಲ್ಲ, ಮಂಕಾಗಿ ಟಕ್ ಅನ್ನುತ್ತದೆ.

ಅಚ್ಚು ತಿರುಗಿದ್ದನ್ನು ನೀವೇ ಪರೀಕ್ಷಿಸಬಹುದು. ಸಿಂಹವನ್ನು ನೆಟ್ಟಗೆ ಹಿಡಿದು ಪುಸ್ತಕದ ಹಾಳೆ ತಿರುಗಿಸಿದ ಹಾಗೆ ಪಕ್ಕಕ್ಕೆ ತಿರುಗಿಸಿ. ನಮ್ಮ ಈಗಿನ ನಾಣ್ಯಗಳಲ್ಲಿ ಹಿಂದಿನ ಚಿತ್ರವೂ ನೆಟ್ಟಗೇ ಬರಬೇಕು. ಸ್ವಲ್ಪ ವಾಲಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅಂಥವು ಬೇಕಾದಷ್ಟಿವೆ. ತಲೆಕೆಳಗಾಗಿದ್ದರೆ ಎತ್ತಿಡಿ. ಹೊರಗಿನಿಂದ ಸುಲಭವಾಗಿ ಮಾಡಲು ಆಗದ ತಪ್ಪು ಅದು, ಹಾಗಾಗಿ ಹೊಸಬರಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನು.

ಮಧ್ಯ ತಪ್ಪಿ ಒಂದು ಕಡೆ ಅರ್ಧಚಂದ್ರದಂತೆ ಖಾಲಿ ಬಿಟ್ಟಿರುವವು ಸಿಕ್ಕರೆ ಇಸವಿ ಉಳಿದಿದೆಯಾ ನೋಡಿ. ಇಸವಿಯೂ ಅದರ ಕೆಳಗಿನ ಟಂಕಸಾಲೆ ಗುರುತೂ ಇರುವುದಕ್ಕೇ ಹೆಚ್ಚು ಬೆಲೆ. ವಜ್ರದ ಗುರುತು ಮುಂಬೈ, ನಕ್ಷತ್ರ ಹೈದರಾಬಾದ್, ದುಂಡು ಚುಕ್ಕಿ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಏನೂ ಇಲ್ಲದ್ದನ್ನು "ಗುರುತು ಬಿಟ್ಟುಹೋದ ನಾಣ್ಯ" ಅಂತ ಮಾರುವವರೂ ಇದ್ದಾರೆ! ಅಂದಹಾಗೆ, ನಮ್ಮ ಮೈಸೂರಿನಲ್ಲಿ ಅಚ್ಚಾಗುವುದು ನೋಟು, ನಾಣ್ಯ ಅಲ್ಲ. "ಮೈಸೂರು ಪ್ರೆಸ್ಸಿನಿಂದ ಬಂದ ಎಡವಟ್ಟು ಬಿಲ್ಲೆ" ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ.

ಟಿಪ್ಪು ಕಾಸಿನ ಬಗ್ಗೆ ಒಂದು ಮಾತು

ಶ್ರೀರಂಗಪಟ್ಟಣಕ್ಕೆ ಹೋದವರು ಆನೆ ಚಿತ್ರದ ತಾಮ್ರದ ಕಾಸು ತಂದು, ಇದರಲ್ಲಿ ಅಂಕಿ ಉಲ್ಟಾ ಇದೆ, ಅಚ್ಚಿನ ತಪ್ಪಾ ಅಂತ ಕೇಳುತ್ತಾರೆ. ಅಲ್ಲ. ಟಿಪ್ಪು ತನ್ನದೇ ಮೌಲೂದಿ ಶಕೆ ತಂದಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಹಾಕಿಸಿದ. ಕೇಳಬೇಕಾದ ಪ್ರಶ್ನೆ ಬೇರೆ, ಇದು ಏಟು ಬಿದ್ದ ಕಾಸಾ, ಎರಕ ಹೊಯ್ದದ್ದಾ ಅಂತ. ಎರಕದ ನಕಲಿನ ಮೈಮೇಲೆ ಸೂಜಿಮೊನೆಯಂಥ ತೂತುಗಳು, ಅಂಚಿನಲ್ಲಿ ಕೂಡುಗೆರೆ, ಅಕ್ಷರಗಳು ಸೋಪಿನ ಮೇಲೆ ಬರೆದಂತೆ ಮೆತ್ತಗೆ. ಮೇಲೆ ಹಸಿರು ಕಿಲುಬು ಇದೆಯಲ್ಲ ಅನ್ನಬೇಡಿ, ಅದನ್ನು ವಾರದೊಳಗೆ ಹತ್ತಿಸಬಹುದು. ನಿಜವಾದ ಕಿಲುಬು ಉಗುರಿಗೆ ಬರುವುದಿಲ್ಲ, ಹಚ್ಚಿದ್ದು ಪುಡಿಪುಡಿಯಾಗಿ ಉದುರುತ್ತದೆ.

ಈಗ ಏನು ಮಾಡೋದು

ತೊಳೆಯಬೇಡಿ. ಹುಣಸೆಹಣ್ಣು, ಪೀತಾಂಬರಿ, ಟೂತ್‌ಪೇಸ್ಟ್ ಯಾವುದೂ ಬೇಡ. ಒಳ್ಳೆಯ ಎಡವಟ್ಟು ನಾಣ್ಯವೂ ಉಜ್ಜಿದ ಮೇಲೆ ಅರ್ಧ ಬೆಲೆಗೂ ಹೋಗದು.

ಬಣ್ಣ ಮಾತ್ರ ಬೇರೆ, ತೂಕ ಸರಿ, ಆಕಾರ ಸರಿ ಎಂದಾದರೆ ಖರ್ಚು ಮಾಡಿ, ಇಲ್ಲ ಮಕ್ಕಳಿಗೆ ಕೊಡಿ. ತೂಕ ಅಥವಾ ಆಕಾರದಲ್ಲಿ ನಿಜಕ್ಕೂ ವ್ಯತ್ಯಾಸ ಕಂಡರೆ ಎರಡು ದಾರಿ: ನಾಣ್ಯ ಪ್ರದರ್ಶನಕ್ಕೆ ಒಯ್ದು ಇಬ್ಬರು ಮೂವರು ವ್ಯಾಪಾರಿಗಳಿಗೆ ತೋರಿಸುವುದು, ಇಲ್ಲವೇ ದುಡ್ಡು ಕೊಟ್ಟು ಗ್ರೇಡಿಂಗ್ ಮಾಡಿಸುವುದು, ಅಂದರೆ ನಾಣ್ಯ ಅಸಲಿಯೋ, ಯಾವ ದರ್ಜೆಯದೋ ಅಂತ ಪರೀಕ್ಷೆ ಮಾಡಿಸುವುದು. ಈಗಿನ ಐದು, ಹತ್ತು ರೂಪಾಯಿಯ ಸಣ್ಣ ತಪ್ಪಿಗೆ ಗ್ರೇಡಿಂಗ್ ಶುಲ್ಕ ನಾಣ್ಯದ ಬೆಲೆಗಿಂತ ಜಾಸ್ತಿ ಆಗಿಬಿಡುತ್ತದೆ, ಹಾಗಾಗಿ ಮೊದಲ ದಾರಿಯೇ ವಾಸಿ. ಲಕ್ಕಿಯೋ, ಬೇರೆ ನಾಣ್ಯದ ಬಿಲ್ಲೆಯ ಮೇಲೆ ಬಿದ್ದ ಅಚ್ಚೋ ಆದರೆ ಮಾತ್ರ ಎರಡನೆಯದನ್ನು ಯೋಚಿಸಿ.

ಫೋನಿನಲ್ಲಿ "ನಿಮ್ಮ ನಾಣ್ಯಕ್ಕೆ ಐದು ಲಕ್ಷ, ಮೊದಲು ನೋಂದಣಿ ಶುಲ್ಕ ಕಟ್ಟಿ" ಅನ್ನುವವರ ಹತ್ತಿರ ಮಾತೇ ಬೇಡ. ತನ್ನ ಹೆಸರು ಹೇಳಿಕೊಂಡು ಹಳೇ ನೋಟು, ನಾಣ್ಯದ ವ್ಯವಹಾರಕ್ಕೆ ಕಮಿಷನ್ ಕೇಳುವವರನ್ನು ನಂಬಬೇಡಿ, ಅಂಥ ಅಧಿಕಾರ ಯಾರಿಗೂ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿತ್ತು. ಮಾವನಿಗೂ ಅಂಥ ಒಂದು ಫೋನು ಬಂದಿತ್ತಂತೆ, ಫೋಟೋ ಕಳಿಸಿ ಅಂದಿದ್ದರಂತೆ. ನಾನು ಬರುವವರೆಗೂ ಕಾದದ್ದು ಒಳ್ಳೆಯದಾಯಿತು. ಕೆಂಪು ಐದು ರೂಪಾಯಿ ಆವತ್ತು ಸಂಜೆಯೇ ಗಲ್ಲಾಪೆಟ್ಟಿಗೆಗೆ ವಾಪಸ್ ಹೋಯಿತು, ಅರ್ಧ ಕೆಜಿ ಸಕ್ಕರೆ ತಗೊಂಡವರ ಚಿಲ್ಲರೆ ಜೊತೆ ದಾಟಿಯೂ ಹೋಯಿತು. ಅವರು ಅದನ್ನು ಬೆಳಕಿಗೆ ಹಿಡಿದು ಎರಡು ಸಲ ತಿರುಗಿಸಿ ನೋಡಿ, ಬೇರೆ ಜೇಬಿಗೆ ಹಾಕಿಕೊಂಡರು.